ಹಾಡಿಸೋದು ಹತ್ತು ನಿಮಿಷ, ನಿಲ್ಲಿಸೋದೇ ಕೆಲಸ

ರಾಯಚೂರಿನ ರಾಜೇಂದ್ರ ಗಂಜ್ ಕಡೆಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಆಟೊ ಎಲೆಕ್ಟ್ರಿಕ್ ಅಂಗಡಿ. ಅಂಗಡಿ ಎಂದರೆ ಒಂದು ಶಟರ್, ಒಂದು ಬೆಂಚು, ಮುಂದೊಂದು ಬೇವಿನ ಗಿಡ, ಅಷ್ಟೇ. ಹತ್ತಿ ಬರುವ ಕಾಲದಲ್ಲಿ ದೇವದುರ್ಗ, ಗಬ್ಬೂರು, ಅರಕೇರಾ ಕಡೆಯ ಟ್ರಾಲಿಗಳು ರಾತ್ರಿಯಿಡೀ ಪಾಳಿ ಹಚ್ಚಿ ನಿಲ್ಲುತ್ತವೆ. ಡೀಸೆಲ್ ತುಟ್ಟಿ, ಎಂಜಿನ್ ಬಂದ್ ಇಡಲೇಬೇಕು. ನಿದ್ದೆ ಹತ್ತಿದರೆ ಹತ್ತಿ ಕಳವು. ಡ್ರೈವರಿಗೆ ಉಳಿಯುವ ಸಂಗಾತಿ ಟೇಪು ಒಂದೇ. ಈಗ ಅದರಲ್ಲಿ ಕ್ಯಾಸೆಟ್ ಇಲ್ಲ. ಎಫ್‌ಎಂ, ಪೆನ್‌ಡ್ರೈವ್, ಬ್ಲೂಟೂತ್ ಬಂದಿವೆ. ಆದರೂ ನಮ್ಮ ಕಡೆ ಅದರ ಹೆಸರು ಟೇಪೇ.

"ಉಸ್ತಾದ್, ಎಂಜಿನ್ ಬಂದ್ ಇದ್ರೂ ಟೇಪ್ ಹಾಡ್ಬೇಕು ನೋಡ್ರಿ."

ಹದಿನೈದು ವರ್ಷದಿಂದ ಈ ಮಾತು ಕೇಳುತ್ತಿದ್ದೇನೆ. ಬ್ಯಾಟರಿಯಿಂದ ಒಂದು ವೈರು ಎಳೆದು ಟೇಪಿಗೆ ಕೊಟ್ಟರೆ ಹತ್ತು ನಿಮಿಷದ ಕೆಲಸ. ಮೊದಲ ವರ್ಷ ನಾನೂ ಹಾಗೇ ಮಾಡಿ ಕಳಿಸಿದೆ. ಮರುದಿನ ಬೆಳಿಗ್ಗೆ ಐದಕ್ಕೆ ಫೋನು: "ಸೆಲ್ಫ್ ಹೊಡೀವಲ್ದು, ಪಾಳಿ ಮುಂದ ಹೋಗ್ಲಿಕ್ಕತ್ತೈತಿ, ಹಿಂದಿನವ್ರು ಬೈಲಿಕ್ಕತ್ಯಾರ." ಅವತ್ತು ಆ ಟ್ರ್ಯಾಕ್ಟರಿಗೆ ಬೇರೆ ಬ್ಯಾಟರಿ ಹೊತ್ತುಕೊಂಡು ಹೋದಾಗ ಕಲಿತದ್ದು ಮುಂದಿನ ಪಾಠಗಳಲ್ಲಿ ಅರ್ಧ. ಉಳಿದರ್ಧ ಮಲ್ಪೆಯದು. ಅಂಗಡಿ ಇಡುವ ಮೊದಲು ಎರಡು ಸೀಜನ್ ಮಲ್ಪೆ ಬಂದರದಲ್ಲಿದ್ದೆ. ನಮ್ಮ ರಾಯಚೂರು, ಕೊಪ್ಪಳದ ಕಡೆಯಿಂದ ಅಲ್ಲಿಗೆ ದುಡಿಯಲು ಹೋಗುವವರು ಬಹಳ. ಮೀನು ಹೊರುವ ಕೆಲಸಕ್ಕೆ ಹೋದವನು ಬೋಟಿನ ವೈರಿಂಗ್ ಮಾಡುವವರ ಕೈಕೆಳಗೆ ಸೇರಿಕೊಂಡೆ. ಬೋಟಿಗೂ ಟ್ರ್ಯಾಕ್ಟರಿಗೂ ಏನು ಸಂಬಂಧ ಅನ್ನಬೇಡಿ. ಎರಡೂ ಊರಿಂದ ದೂರ ಎಂಜಿನ್ ಬಂದ್ ಮಾಡಿಕೊಂಡು ನಿಲ್ಲುತ್ತವೆ. ಎರಡಕ್ಕೂ ಮತ್ತೆ ಚಾಲೂ ಆಗದಿದ್ದರೆ ಗತಿ ಇಲ್ಲ.

1. ಮೊದಲು ಕೈಯಲ್ಲಿ ಟೆಸ್ಟ್ ಲ್ಯಾಂಪ್ ಹಿಡಿಯಬೇಡ, ಎಷ್ಟು ತಾಸು ಅಂತ ಕೇಳು

ಗಿರಾಕಿ ಯಾವ ಕಂಪನಿ ಟೇಪು, ಎಷ್ಟು ವಾಟ್ ಅಂತ ಹೇಳುತ್ತಾನೆ. ಡಬ್ಬಿಯ ಮೇಲಿನ ವಾಟ್ ಮಾತು ನಂಬುವಂಥದ್ದಲ್ಲ. ನನಗೆ ಬೇಕಾದದ್ದು ಎರಡೇ: ಎಂಜಿನ್ ಬಂದ್ ಇದ್ದಾಗ ಎಷ್ಟು ತಾಸು ಹಾಡಬೇಕು, ಎಷ್ಟು ಜೋರು ಹಾಡಬೇಕು.

ಟ್ರ್ಯಾಕ್ಟರಿನ ಬ್ಯಾಟರಿ ಸುಮಾರು 80 ಆಂಪಿಯರ್-ಅವರ್ ಎಂದುಕೊಳ್ಳಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಖರ್ಚಾದರೆ ಸೆಲ್ಫ್ ನರಳತೊಡಗುತ್ತದೆ, ಹಳೆ ಬ್ಯಾಟರಿಯಾದರೆ ಅದಕ್ಕೂ ಮೊದಲೇ. ಸಣ್ಣ ಟೇಪು, ಎರಡು ಸ್ಪೀಕರ್, ಹದವಾದ ದನಿ: ಒಂದು ಆಂಪಿಯರ್ ಆಸುಪಾಸು. ಎಂಟು ತಾಸಿಗೆ 8. ಬ್ಯಾಟರಿ ಚೆನ್ನಾಗಿದ್ದರೆ ಅದಕ್ಕೆ ಗೊತ್ತೂ ಆಗುವುದಿಲ್ಲ. ಅದೇ ಟೇಪಿಗೆ ಆಂಪ್ಲಿಫೈಯರು, ಟ್ರಾಲಿ ತುದಿಗೆ ವೂಫರು ಸೇರಿಸಿದರೆ ಹತ್ತು ಆಂಪಿಯರ್. ನಾಲ್ಕು ತಾಸಿಗೆ 40. ಬೆಳಿಗ್ಗೆ ಐದಕ್ಕೆ ನನಗೆ ಫೋನು.

ಇದನ್ನು ಆಂಪಿಯರ್ ಲೆಕ್ಕದಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ. ನಾನು ಸಂಗ್ರಾಣಿ ಕಲ್ಲಿನ ಲೆಕ್ಕ ಹೇಳುತ್ತೇನೆ. ಸೆಲ್ಫ್ ಹೊಡೆಯುವುದು ಜಾತ್ರೆಯಲ್ಲಿ ಕಲ್ಲು ಎತ್ತಿದ ಹಾಗೆ. ಇನ್ನೂರು-ಮುನ್ನೂರು ಆಂಪಿಯರ್ ಜಗ್ಗುತ್ತದೆ, ಆದರೆ ಎರಡು-ಮೂರು ಸೆಕೆಂಡು ಮಾತ್ರ. ಒಟ್ಟು ಖರ್ಚು ಕಾಲು ಆಂಪಿಯರ್-ಅವರ್ ಕೂಡ ದಾಟುವುದಿಲ್ಲ. ಟೇಪು ರಾತ್ರಿಯೆಲ್ಲ ಹೊಲ ಕಾಯುವ ಆಳು. ಬಲ ಬೇಡ, ಹೊತ್ತು ಬೇಕು. ರಾತ್ರಿಯೆಲ್ಲ ಹೊಲ ಕಾದವನನ್ನು ಬೆಳಿಗ್ಗೆ ಎಬ್ಬಿಸಿ ಕಲ್ಲು ಎತ್ತು ಅಂದರೆ ಎತ್ತುತ್ತಾನೆಯೇ? ಇಷ್ಟು ಹೇಳಿದರೆ ಕಾರಹುಣ್ಣಿಮೆಗೆ ಎತ್ತು ಓಡಿಸುವ ಮಂದಿಗೆ ಥಟ್ಟನೆ ತಿಳಿಯುತ್ತದೆ.

2. ಟ್ರ್ಯಾಕ್ಟರಿನ ಚಾವಿಗೆ ಎಂಜಿನ್ ಬಂದ್ ಆದದ್ದು ಗೊತ್ತಿಲ್ಲ

ಕಾರಿನ ಚಾವಿಯಲ್ಲಿ ಬಂದ್‌ಗೂ ಚಾಲೂಗೂ ನಡುವೆ ಒಂದು ಮನೆ ಇರುತ್ತದೆ. ಟೇಪು, ಬೀಡಿ ಹಚ್ಚುವ ಲೈಟರು ಅಲ್ಲಿ ನಡೆಯುತ್ತವೆ, ಉಳಿದದ್ದು ನಡೆಯುವುದಿಲ್ಲ. ನನ್ನ ಅಂಗಡಿಗೆ ಬರುವ ಹಳೆಯ ಟ್ರ್ಯಾಕ್ಟರುಗಳಲ್ಲಿ ಆ ಮನೆಯೇ ಇಲ್ಲ: ಬಂದ್, ಚಾಲೂ, ಸೆಲ್ಫ್. ಅಷ್ಟೇ. ಅದರ ಮೇಲೆ ಇನ್ನೊಂದು ತೊಡಕು. ಹಳೆ ಡೀಸೆಲ್ ಎಂಜಿನ್ ನಿಲ್ಲುವುದು ಚಾವಿಯಿಂದ ಅಲ್ಲ, ಸ್ಟಾಪ್ ಗುಬುಟು ಎಳೆದು ಎಣ್ಣೆ ನಿಲ್ಲಿಸಿದಾಗ. ಒಮ್ಮೆ ಚಾಲೂ ಆದ ಮೇಲೆ ಆ ಎಂಜಿನ್ನಿಗೆ ಕರೆಂಟೇ ಬೇಕಾಗಿಲ್ಲ. ಹಾಗಾಗಿ ಡ್ರೈವರು ಗುಬುಟು ಎಳೆದು ಇಳಿದು ಹೋಗುತ್ತಾನೆ, ಚಾವಿ ಚಾಲೂ ಮನೆಯಲ್ಲೇ ಉಳಿಯುತ್ತದೆ.

ಟೇಪಿಗೆ ಚಾವಿಯಿಂದ ಕರೆಂಟ್ ಕೊಟ್ಟರೆ ಹಾಡು ಕೇಳಲು ಚಾವಿ ಚಾಲೂ ಇಡಬೇಕು. ಆಗ ಟೇಪು ಒಂದೇ ತಿನ್ನುವುದಿಲ್ಲ. ಚಾರ್ಜ್ ದೀಪ, ಆಯಿಲ್ ದೀಪ, ಮೀಟರು, ಆಲ್ಟರ್ನೇಟರಿನ ಒಳಗಿನ ಸುರುಳಿ ಎಲ್ಲವೂ ಪಂಕ್ತಿಗೆ ಕೂರುತ್ತವೆ. ಪಾಯಿಂಟ್ ಇರುವ ಹಳೆ ಪೆಟ್ರೋಲ್ ಜೀಪಾದರೆ ಇನ್ನೂ ಕೆಟ್ಟದ್ದು, ಇಗ್ನಿಷನ್ ಕಾಯಿಲ್ ಕಾದು ಸುಟ್ಟೇ ಹೋಗಬಹುದು.

ಆದ್ದರಿಂದ ನಾನು ಚಾವಿಯನ್ನು ಮುಟ್ಟುವುದಿಲ್ಲ. ಬ್ಯಾಟರಿಯಿಂದ ಬೇರೆ ವೈರು, ಅದಕ್ಕೆ ಫ್ಯೂಜು, ಸ್ಟೇರಿಂಗ್ ಪಕ್ಕದಲ್ಲಿ ಬೇರೆ ಸ್ವಿಚ್ಚು, ಸ್ವಿಚ್ಚಿಗೆ ಒಂದು ಕೆಂಪು ಸಣ್ಣ ದೀಪ. ದೀಪ ಮರೆಯಬಾರದು. ಪೆನ್‌ಡ್ರೈವಿನ ಹಾಡು ಮುಗಿದು ಟೇಪು ಸುಮ್ಮನಾದರೂ ಅದು ಕರೆಂಟ್ ಕುಡಿಯುತ್ತಲೇ ಇರುತ್ತದೆ. ಮೌನಕ್ಕೂ ಬ್ಯಾಟರಿ ಖರ್ಚಾಗುತ್ತದೆ ಅನ್ನುವುದು ಡ್ರೈವರನಿಗೆ ಕಣ್ಣಿಗೆ ಕಾಣಬೇಕು.

ಚಾವಿಯ ಹಿಂದೆ ಅನೇಕ ಕಡೆ ನಂಬರು ಬರೆದಿರುತ್ತದೆ: 30 ಬ್ಯಾಟರಿಯಿಂದ ಬಂದದ್ದು, 15 ಚಾವಿ ಚಾಲೂ ಆದಾಗ ಬರುವುದು, 50 ಸೆಲ್ಫಿಗೆ. ನಂಬರು ನೋಡಿಯೂ ಟೆಸ್ಟ್ ಲ್ಯಾಂಪ್ ಹಚ್ಚಿ ನೋಡುತ್ತೇನೆ. ನನ್ನ ಮುಂಚೆ ಎಷ್ಟು ಉಸ್ತಾದರು ಆ ಚಾವಿಗೆ ಕೈ ಹಾಕಿದ್ದಾರೋ ಯಾರು ಬಲ್ಲರು.

3. ಹಳದಿಯನ್ನೂ ಕೆಂಪನ್ನೂ ಕೂಡಿಸಿ ಸುತ್ತಿದ್ದರೆ ಅಲ್ಲೇ ಕಳ್ಳ

ಟೇಪಿನ ಹಿಂದೆ ಸಾಮಾನ್ಯವಾಗಿ ಹಳದಿ ವೈರು ನೆನಪಿಗೆ, ಕೆಂಪು ವೈರು ಚಾಲೂ ಆಗುವುದಕ್ಕೆ, ಕಪ್ಪು ಅರ್ಥ್‌ಗೆ. ಸ್ಟೇಷನ್ನು, ಗಡಿಯಾರ ಮರೆಯದಿರಲು ಹಳದಿಗೆ ಸದಾ ಕರೆಂಟ್ ಬೇಕು. ಅವಸರದವರು ಎರಡನ್ನೂ ಕೂಡಿಸಿ ನೇರ ಬ್ಯಾಟರಿಗೆ ಸುತ್ತುತ್ತಾರೆ. ಟೇಪು ಹಾಡುತ್ತದೆ, ಗಿರಾಕಿ ಖುಷಿ. ಹಳದಿ ಒಂದೇ ಬ್ಯಾಟರಿಗೆ ಇದ್ದರೂ ಸುಮಾರು 30 ಮಿಲಿ ಆಂಪಿಯರ್ ಹರಿದರೆ ದಿನಕ್ಕೆ 0.7 ಆಂಪಿಯರ್-ಅವರ್, ತಿಂಗಳಿಗೆ ಇಪ್ಪತ್ತೊಂದು-ಇಪ್ಪತ್ತೆರಡು. ದಿನಾ ಓಡುವ ಜೀಪಿಗೆ ಅದು ಲೆಕ್ಕಕ್ಕಿಲ್ಲ. ನಮ್ಮ ಟ್ರ್ಯಾಕ್ಟರು ರಾಶಿ ಮುಗಿದ ಮೇಲೆ ಶೆಡ್ಡಿನಲ್ಲಿ ಎರಡು ತಿಂಗಳು ನಿಂತೇ ಇರುತ್ತದೆ. ಮುಂಗಾರಿಗೆ ಹೊರಗೆ ತೆಗೆದಾಗ ಬ್ಯಾಟರಿ ಸತ್ತಿರುತ್ತದೆ, ಬೈಗುಳ ಬ್ಯಾಟರಿ ಮಾರಿದವನಿಗೆ.

ಟ್ರ್ಯಾಕ್ಟರಿನಲ್ಲಿ ಎರಡೂ ವೈರು ಆ ಕೆಂಪು ದೀಪದ ಸ್ವಿಚ್ಚಿನ ಆಚೆಗೇ ಇರಲಿ. ಗಡಿಯಾರ ಮರೆತರೆ ಮರೆಯಲಿ. ಹೊಲದಲ್ಲಿ ಯಾರೂ ಟೇಪು ನೋಡಿ ಹೊತ್ತು ಎಣಿಸುವುದಿಲ್ಲ.

ಆಂಪ್ಲಿಫೈಯರಿಗೂ ಇದೇ ಮಾತು. ಅದನ್ನು ಎಬ್ಬಿಸುವ ತಂತಿಯನ್ನು ಟೇಪಿನ ನೀಲಿ-ಬಿಳಿ ವೈರಿಗೇ ಕೊಡಬೇಕು. ಬ್ಯಾಟರಿಗೆ ನೇರ ಕೊಟ್ಟರೆ ಟೇಪು ಮಲಗಿದರೂ ಆಂಪ್ಲಿಫೈಯರು ಎಚ್ಚರವಾಗೇ ಇರುತ್ತದೆ, ಎರಡು-ಮೂರು ದಿನಕ್ಕೆ ಬ್ಯಾಟರಿ ಮುಗಿಸುತ್ತದೆ.

4. ಫ್ಯೂಜು ಬ್ಯಾಟರಿಯಿಂದ ಒಂದು ಗೇಣು ದಾಟಬಾರದು

ಈ ಪಾಠವನ್ನು ನಗುತ್ತಾ ಹೇಳಲಾರೆ. ಹತ್ತಿ ತುಂಬಿದ ಟ್ರಾಲಿಗೆ ಸ್ಪೀಕರ್ ವೈರು ಎಳೆದ ಒಂದು ಟ್ರ್ಯಾಕ್ಟರು ನನ್ನಲ್ಲಿಗೆ ಬಂತು, ಯಾರೋ ಮಾಡಿದ ಕೆಲಸ. ಫ್ಯೂಜು ಇತ್ತು, ಆದರೆ ಟೇಪಿನ ಬೆನ್ನಿಗೆ. ಬ್ಯಾಟರಿಯಿಂದ ಟೇಪಿನವರೆಗಿನ ವೈರು ಬಾನೆಟ್ ಅಂಚಿಗೆ ತಿಕ್ಕಿ ತಿಕ್ಕಿ ಬೋಳಾಗಿತ್ತು. ಒಂದು ಗುಂಡಿಯಲ್ಲಿ ಗಾಲಿ ಇಳಿದದ್ದೇ ತಂತಿ ಬಾಡಿಗೆ ತಾಗಿದೆ. ಫ್ಯೂಜು ಅದರಾಚೆ ಇರುವುದರಿಂದ ಅದಕ್ಕೆ ಸುದ್ದಿಯೇ ಇಲ್ಲ. ವೈರು ಪೂರ್ತಿ ಕೆಂಡವಾಗಿ ಸುಟ್ಟಿತ್ತು. ಡ್ರೈವರು ಬರಿಗೈಯಲ್ಲಿ ಟರ್ಮಿನಲ್ ಕಿತ್ತಿದ್ದ, ಅಂಗೈಯಲ್ಲಿ ಬೊಬ್ಬೆ. ಹಿಂದೆ ಒಂದು ಟ್ರಾಲಿ ಒಣಹತ್ತಿ. ದೇವರು ದೊಡ್ಡವನು ಅಂದ.

ಫ್ಯೂಜು ಇರುವುದು ಟೇಪು ಉಳಿಸಲಿಕ್ಕಲ್ಲ, ವೈರು ಸುಡದಿರಲಿಕ್ಕೆ. ಹಾಗಾಗಿ ಅದರ ಜಾಗ ವೈರು ಹುಟ್ಟುವ ಕಡೆ, ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ. ಸಣ್ಣ ಟೇಪಿಗೆ ಒಂದೂವರೆ ಎಂಎಂ ವೈರು, ಹತ್ತು ಆಂಪಿಯರ್ ಫ್ಯೂಜು ಸಾಕು. ಫ್ಯೂಜು ಹೋದಾಗ ಸಿಗರೇಟಿನ ಬೆಳ್ಳಿಹಾಳೆ ಸುತ್ತುವವರಿದ್ದಾರೆ. ಅದಕ್ಕೇ ನಾನು ಹೋಲ್ಡರಿನ ಪಕ್ಕ ಎರಡು ಹೊಸ ಫ್ಯೂಜು ಇನ್ಸುಲೇಷನ್ ಟೇಪು ಸುತ್ತಿ ಕಟ್ಟಿಯೇ ಕಳಿಸುತ್ತೇನೆ, ಕಾಸು ಕೇಳುವುದಿಲ್ಲ.

ಕೆಲಸ ಶುರು ಮಾಡುವಾಗ ಮೈನಸ್ ಮೊದಲು ಬಿಚ್ಚು, ಮುಗಿದ ಮೇಲೆ ಮೈನಸ್ ಕೊನೆಗೆ ಹಾಕು. ಪಾನಾ ಪ್ಲಸ್‌ನಿಂದ ಬಾಡಿಗೆ ತಾಗಿದರೆ ಏನಾಗುತ್ತದೆ ಅನ್ನುವುದಕ್ಕೆ ನನ್ನ ಹದಿಮೂರು ನಂಬರಿನ ಪಾನಾದಲ್ಲಿ ಇನ್ನೂ ಕಚ್ಚಿದ ಗುರುತಿದೆ. ಚಾರ್ಜ್ ಆಗುವ ಬ್ಯಾಟರಿಯಿಂದ ಹೊರಡುವ ಗ್ಯಾಸು ಒಂದು ಕಿಡಿಗೆ ಕಾಯುತ್ತಿರುತ್ತದೆ, ಅದನ್ನೂ ನೆನಪಿಡಿ.

5. ಟ್ರಾಲಿಯ ಪಿನ್ನು ಅರ್ಥಿಂಗ್ ಅಲ್ಲ

ಟ್ರಾಲಿಯ ಹಿಂಬದಿಗೆ ಆಂಪ್ಲಿಫೈಯರು ಇಟ್ಟು ಒಂದೇ ವೈರು ಎಳೆದು, ಅರ್ಥ್ ಟ್ರಾಲಿ ಬಾಡಿಗೆ ಕಚ್ಚಿಸುತ್ತಾರೆ. ಕರೆಂಟು ವಾಪಸು ಬರಬೇಕಾದದ್ದು ಗ್ರೀಸು, ತುಕ್ಕು, ಎರೆಮಣ್ಣು ತುಂಬಿದ ಆ ಪಿನ್ನಿನ ಮೂಲಕ. ಟ್ರಾಲಿ ಕುಲುಕಿದಾಗಲೆಲ್ಲ ಹಾಡು ಬಿಕ್ಕುತ್ತದೆ. ಎರಡು ವೈರು ಎಳೆಯಿರಿ, ಹೋಗಲಿಕ್ಕೊಂದು, ಬರಲಿಕ್ಕೊಂದು.

ದಪ್ಪವೂ ಬೇಕು. ಆರು ಮೀಟರು ದೂರ ಅಂದರೆ ಹೋಗಿ ಬಂದು ಹನ್ನೆರಡು ಮೀಟರು. ಒಂದೂವರೆ ಎಂಎಂ ವೈರಿನಲ್ಲಿ ಹತ್ತು ಆಂಪಿಯರ್ ಹರಿದರೆ ದಾರಿಯಲ್ಲೇ ಒಂದೂವರೆ ವೋಲ್ಟ್ ಹತ್ತಿರ ಕಳೆದುಹೋಗುತ್ತದೆ. ಎಂಜಿನ್ ಓಡುವಾಗ 14 ವೋಲ್ಟ್ ಇರುವುದರಿಂದ ಗೊತ್ತಾಗುವುದಿಲ್ಲ. ಬಂದ್ ಮಾಡಿದ ಮೇಲೆ 12 ವೋಲ್ಟಿನಲ್ಲಿ ಒಂದೂವರೆ ಹೋದರೆ ವೂಫರು ಗಂಟಲು ಕಟ್ಟಿದವನ ಹಾಗೆ ಕೂಗುತ್ತದೆ. ಗಿರಾಕಿ ಬ್ಯಾಟರಿ ಬದಲಿಸಲು ಹೋಗುತ್ತಾನೆ. ಬದಲಿಸಬೇಕಾದದ್ದು ವೈರು.

6. ಹಾಡಿನ ಬ್ಯಾಟರಿ ಬೇರೆ, ಸೆಲ್ಫಿನ ಬ್ಯಾಟರಿ ಬೇರೆ

ಇದು ಮಲ್ಪೆಯ ಪಾಠ. ನಾನು ಕೆಲಸ ಮಾಡಿದ ಬೋಟುಗಳಲ್ಲಿ ಎಂಜಿನ್ ಚಾಲೂ ಮಾಡುವ ಬ್ಯಾಟರಿಗಳನ್ನು ಬೇರೆ ಯಾವುದಕ್ಕೂ ಮುಟ್ಟುತ್ತಿರಲಿಲ್ಲ. ವೈರ್‌ಲೆಸ್ಸು, ಮೀನು ತೋರಿಸುವ ಯಂತ್ರ, ದೀಪ, ಅಡುಗೆ ಮಾಡುವವನ ಎಫ್‌ಎಂ, ಎಲ್ಲ ಇನ್ನೊಂದು ಬ್ಯಾಟರಿಯಿಂದ. ಹೊಸದರಲ್ಲಿ ಒಮ್ಮೆ ಸುಲಭವಾಗಲಿ ಅಂತ ಒಂದು ದೀಪದ ವೈರನ್ನು ಎಂಜಿನ್ ಬ್ಯಾಟರಿಗೇ ಕಚ್ಚಿಸಿದ್ದೆ. ಬೋಟು ನಡೆಸುವ ತಾಂಡೇಲರು ಬೈಯಲಿಲ್ಲ. ಸಮುದ್ರದ ಕಡೆ ಕೈ ತೋರಿಸಿ, "ಅಲ್ಲಿ ನೂಕಲಿಕ್ಕೆ ಯಾರು ಬರ್ತಾರೆ ಮಾರಾಯ?" ಅಂದರು. ವೈರು ಬಿಚ್ಚಿದೆ.

ಊರಿಗೆ ಬಂದ ಮೇಲೆ ಅದರ ಅರ್ಥ ಪೂರ್ತಿ ಆದದ್ದು ಒಂದು ಎಳ್ಳಮಾವಾಸ್ಯೆಗೆ. ದೇವದುರ್ಗದ ಕಡೆಯ ಒಂದು ಹೊಲ. ಟ್ರಾಲಿ ತುಂಬ ಮಂದಿ, ಸಜ್ಜಿರೊಟ್ಟಿ, ಶೇಂಗಾ ಹೋಳಿಗೆ, ಬೆಳಿಗ್ಗೆಯಿಂದ ಹಾಡು. ಸಂಜೆಗೆ ಸೆಲ್ಫ್ ಟಕ್ ಅಂತ ಒಮ್ಮೆ ಅಂದು ಸುಮ್ಮನಾಯಿತು. ಡಾಂಬರು ರಸ್ತೆಯಾದರೆ ಇಪ್ಪತ್ತು ಮಂದಿ ದಬ್ಬಿ ಚಾಲೂ ಮಾಡುತ್ತಿದ್ದರು. ಎರೆಹೊಲದಲ್ಲಿ ಗಾಲಿ ಕದಲಲಿಲ್ಲ. ಇನ್ನೊಂದು ಟ್ರ್ಯಾಕ್ಟರು ಬಂದು ಜಗ್ಗುವ ಹೊತ್ತಿಗೆ ಮಕ್ಕಳು ಮಲಗಿದ್ದವು. ಕೃಷ್ಣೆ-ತುಂಗಭದ್ರೆಯರ ನಡುವಿನ ಎರೆಹೊಲವೂ ಒಂದು ಸಮುದ್ರವೇ ಅಂತ ಅವತ್ತು ಅನ್ನಿಸಿತು.

ಈಗ ಹೆಚ್ಚು ಹೊತ್ತು ಹಾಡು ಬೇಕು ಅನ್ನುವವರಿಗೆ ಎರಡನೇ ಬ್ಯಾಟರಿ ಇಲ್ಲದೆ ನಾನು ಕೆಲಸ ಹಿಡಿಯುವುದಿಲ್ಲ. ಮಾಡುವುದು ಹೀಗೆ. ಆಲ್ಟರ್ನೇಟರಿನಲ್ಲಿ ಚಾರ್ಜ್ ದೀಪಕ್ಕೆ ಹೋಗುವ ಒಂದು ತುದಿ ಇದೆ. ಎಂಜಿನ್ ಓಡಿ ಚಾರ್ಜ್ ಆಗತೊಡಗಿದಾಗ ಮಾತ್ರ ಅಲ್ಲಿ ಪೂರ್ತಿ ವೋಲ್ಟ್ ಬರುತ್ತದೆ. ಆ ತುದಿಯಿಂದ ರಿಲೇಯ 86ಕ್ಕೆ ವೈರು, 85 ಅರ್ಥ್‌ಗೆ. ಮೊದಲ ಬ್ಯಾಟರಿಯ ಪ್ಲಸ್ 30ಕ್ಕೆ, ಎರಡನೆಯದರ ಪ್ಲಸ್ 87ಕ್ಕೆ. ಎಂಜಿನ್ ಓಡುವಾಗ ಎರಡೂ ಬ್ಯಾಟರಿ ಜೋಡಿಯಾಗಿ ಚಾರ್ಜ್ ಆಗುತ್ತವೆ. ಎಂಜಿನ್ ನಿಂತ ಕ್ಷಣ ರಿಲೇ ಬಿಡುತ್ತದೆ, ಎರಡೂ ಬೇರೆ ಬೇರೆ. ಟೇಪು ಎರಡನೆಯದಕ್ಕೆ. ಅದು ಪೂರ್ತಿ ಇಳಿದರೂ ಸೆಲ್ಫಿಗೆ ಸಂಬಂಧವಿಲ್ಲ.

ಕಾಗದದ ಮೇಲೆ ಇಷ್ಟೇ. ಹೊಲದಲ್ಲಿ ಒಂದು ರಿಲೇ ನನ್ನ ಮಾನ ಕಳೆಯಿತು. ಎರಡನೇ ಬ್ಯಾಟರಿ ತಳ ಕಂಡಿತ್ತು. ಎಂಜಿನ್ ಚಾಲೂ ಆದದ್ದೇ ಅದು ಹಸಿದವನ ಹಾಗೆ ಒಮ್ಮೆಲೇ ಕರೆಂಟ್ ಎಳೆದು, ಮೂವತ್ತು ಆಂಪಿಯರಿನ ಆ ಸಣ್ಣ ರಿಲೇಯ ಪಾಯಿಂಟುಗಳನ್ನು ಬೆಸುಗೆ ಹಾಕಿದಂತೆ ಅಂಟಿಸಿತು. ಅಲ್ಲಿಂದ ಮುಂದೆ ಎರಡು ಬ್ಯಾಟರಿ ಬೇರೆ ಆಗಲೇ ಇಲ್ಲ. ಆ ರಾತ್ರಿ ಟೇಪು ಎರಡನ್ನೂ ತಿಂದು ಮುಗಿಸಿತು. ಗಿರಾಕಿ ಅಂದದ್ದು ಸರಿಯಾಗೇ ಇತ್ತು: "ಮೊದ್ಲು ಒಂದು ಬ್ಯಾಟ್ರಿ ಇಳೀತಿತ್ತು, ಈಗ ನೀ ಎರಡು ಇಳಿಸಿದಿ." ಅವತ್ತಿನಿಂದ ಎಪ್ಪತ್ತು ಆಂಪಿಯರಿನ ರಿಲೇ, ಎರಡೂ ಬ್ಯಾಟರಿಯ ಬುಡದಲ್ಲಿ ಒಂದೊಂದು ಫ್ಯೂಜು, ಕೆಲಸ ಮುಗಿದ ಮೇಲೆ ಎಂಜಿನ್ ನಿಲ್ಲಿಸಿ ರಿಲೇಯ ಟಿಕ್ ಶಬ್ದವನ್ನು ಗಿರಾಕಿಯ ಕಿವಿಗೇ ಕೇಳಿಸುವುದು.

ವೋಲ್ಟ್ ನೋಡಿ ತಾನೇ ಕೂಡುವ, ತಾನೇ ಬಿಡುವ ರಿಲೇಗಳೂ ಸಿಗುತ್ತವೆ. ಸುಮಾರು 13.3 ವೋಲ್ಟಿಗೆ ಕೂಡಿ 12.8ಕ್ಕೆ ಬಿಡುವಂಥವು. ಬೆಲೆ ಜಾಸ್ತಿ, ತಲೆನೋವು ಕಡಿಮೆ.

ಬೋಟಿನ ಪಾಠ ಅಂದೆನಾದರೂ ಕೃಷ್ಣೆಯ ಹರಗೋಲಿನವರು ನನ್ನ ಗಿರಾಕಿಗಳಲ್ಲ. ಕುರುವಪುರಕ್ಕೆ ಭಕ್ತರನ್ನು ದಾಟಿಸುವ ಹರಗೋಲಿನಲ್ಲಿ ನಾನೂ ಕೂತಿದ್ದೇನೆ. ಎಂಜಿನ್ನೇ ಇಲ್ಲದ ಮೇಲೆ ಬಂದ್ ಮಾಡುವ ಪ್ರಶ್ನೆ ಎಲ್ಲಿ. ಹುಟ್ಟು ಹಾಕುವವನ ಅಂಗಿಯ ಜೇಬಿನಲ್ಲಿ ಮೊಬೈಲು ಹಾಡುತ್ತಿತ್ತು.

7. ಎರಡನೇ ಬ್ಯಾಟರಿಗೆ ದುಡ್ಡಿಲ್ಲದಿದ್ದರೆ ಕತ್ತು ಹಿಡಿದು ನಿಲ್ಲಿಸುವ ಸಾಧನ ಹಾಕು

ಎಲ್ಲರ ಹತ್ತಿರ ಬ್ಯಾಟರಿಗೆ ದುಡ್ಡಿರುವುದಿಲ್ಲ. ವೋಲ್ಟ್ ಇಳಿದಾಗ ಟೇಪಿನ ಕರೆಂಟ್ ಕಡಿಯುವ ಸಣ್ಣ ಬೋರ್ಡು ಸಿಗುತ್ತದೆ. ಅದನ್ನು ಎಷ್ಟಕ್ಕೆ ಕಟ್ಟಬೇಕು ಅನ್ನುವುದೇ ಮುಖ್ಯ. ಒಂದಷ್ಟು ಹೊತ್ತು ಸುಮ್ಮನಿದ್ದ ಬ್ಯಾಟರಿ 12.7 ತೋರಿಸಿದರೆ ತುಂಬಿದೆ, 12.4ಕ್ಕೆ ಮುಕ್ಕಾಲು, 12.2ಕ್ಕೆ ಅರ್ಧ, 11.9ಕ್ಕೆ ತಳ. ನಾನು 12.1ಕ್ಕೆ ಕಟ್ಟುತ್ತೇನೆ. ಸೋಲಾರ್ ದೀಪದ ಹಳೆ ಕಂಟ್ರೋಲರ್ ತಂದು "ಇದನ್ನೇ ಹಾಕ್ರಿ, ಇದೂ ಕಡೀತದ" ಅನ್ನುವವರಿದ್ದಾರೆ. ಅದು ಕಡಿಯುವುದು 11ರ ಆಸುಪಾಸಿಗೆ. ದೀಪಕ್ಕೆ ಅದು ಸರಿ, ಸೆಲ್ಫಿಗೆ ಆಗ ತಿಥಿ.

8. ಮಾನ್ವಿಯ ಹಾರ್ವೆಸ್ಟರಿನಲ್ಲಿ ಎರಡು ಬ್ಯಾಟರಿ ಕಂಡರೆ ಖುಷಿ ಪಡಬೇಡ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮಾನ್ವಿ, ಸಿರವಾರ ಕಡೆಯ ಹೊಲವನ್ನು ಗದ್ದೆ ಮಾಡಿದೆ. ಭತ್ತದ ಕಟಾವಿಗೆ ಹೊರಗಿನ ರಾಜ್ಯಗಳ ಹಾರ್ವೆಸ್ಟರುಗಳು ಸಾಲುಸಾಲಾಗಿ ಬರುತ್ತವೆ. ಅವುಗಳ ಡ್ರೈವರುಗಳು ವಾರಗಟ್ಟಲೆ ಗಾಡಿ ಮೇಲೆಯೇ ಜೀವನ ಮಾಡುವವರು, ಟೇಪು ಅವರಿಗೆ ಮನೆಯವರಿದ್ದ ಹಾಗೆ.

ಅಂಥ ಒಂದು ಗಾಡಿ 24 ವೋಲ್ಟಿನದು, ಎರಡು ಬ್ಯಾಟರಿ ಸಾಲಾಗಿ. ಟೇಪು 12 ವೋಲ್ಟಿನದು. ಒಂದು ಬ್ಯಾಟರಿಯಿಂದ ಮಾತ್ರ ವೈರು ತೆಗೆದರೆ ಹನ್ನೆರಡೇ ಸಿಗುತ್ತದಲ್ಲ ಅಂತ ಜಾಣತನ ಮಾಡಿದೆ. ಹಾಡಿತು. ಹದಿನೈದು ದಿನದಲ್ಲಿ ಒಂದು ಬ್ಯಾಟರಿ ಸದಾ ಹಸಿದಿತ್ತು, ಇನ್ನೊಂದು ನೀರು ಕುದಿಸುತ್ತಿತ್ತು. ಚಾರ್ಜರಿಗೆ ಕಾಣುವುದು ಎರಡರ ಮೊತ್ತ ಮಾತ್ರ. ಒಂದು ಇಳಿದಷ್ಟು ಇನ್ನೊಂದರ ಮೇಲೆ ಹೊರೆ ಬೀಳುತ್ತದೆ. ಕೊನೆಗೆ ಎರಡೂ ಹಾಳು. ಒಂದು ಎತ್ತಿಗೆ ಮಾತ್ರ ಹಿಂಡಿ ಹಾಕಿ ಜೋಡಿ ಹೂಡಿದರೆ ಮಡಕೆ ನೆಟ್ಟಗೆ ನಡೆಯುತ್ತದೆಯೇ? 24ನ್ನು 12 ಮಾಡುವ ಕನ್ವರ್ಟರ್ ಹಾಕಲೇಬೇಕು. ಆ ಎರಡು ಬ್ಯಾಟರಿಯ ಅರ್ಧ ದುಡ್ಡು ನಾನು ಕೊಟ್ಟೆ.

9. ಮಲ್ಪೆಯಲ್ಲಿ ಉಪ್ಪು, ಮಾನ್ವಿಯಲ್ಲಿ ಯೂರಿಯಾ

ಬೋಟಿನಲ್ಲಿ ತಾಮ್ರದ ತಂತಿ ಹಸಿರಾಗುವುದನ್ನು ನೋಡಿದ್ದೆ. ಊರಲ್ಲಿ ಸಮುದ್ರ ಇಲ್ಲವಲ್ಲ ಅಂದುಕೊಂಡಿದ್ದೆ. ಗೊಬ್ಬರದ ಚೀಲ ಹೊರುವ ಟ್ರಾಲಿಯ ಕನೆಕ್ಷನ್ ಬಿಚ್ಚಿ ನೋಡಿದರೆ ಅದೇ ಹಸಿರು. ಯೂರಿಯಾ ಧೂಳು, ಗದ್ದೆಯ ತೇವ ಎರಡೂ ಸೇರಿ ತಾಮ್ರ ತಿನ್ನುತ್ತವೆ. ಕೇಜ್ ವೀಲ್ ಹಾಕಿ ಕೆಸರು ಹೊಡೆಯುವಾಗ ಫ್ಯೂಜಿನವರೆಗೂ ರಾಡಿ ಹಾರುತ್ತದೆ. ಹೋಲ್ಡರನ್ನು ಎತ್ತರಕ್ಕೆ, ಬಾಯಿ ಕೆಳಗೆ ಮಾಡಿ ಕಟ್ಟಬೇಕು.

ಕಪ್ಪು ಇನ್ಸುಲೇಷನ್ ಟೇಪು ಏಪ್ರಿಲ್-ಮೇ ತಿಂಗಳ ರಾಯಚೂರಿನಲ್ಲಿ ಬೆಲ್ಲದ ಪಾಕ. 42-43 ಡಿಗ್ರಿಯ ಬಿಸಿಲು, ಅದರ ಮೇಲೆ ಎಂಜಿನ್ ಕಾವು; ಅಂಟು ಕರಗಿ ಜಾರಿ ಕೂರುತ್ತದೆ. ಥಿಂಬಲ್ ಒತ್ತಿ, ಬಿಸಿಗೆ ಕುಗ್ಗುವ ಸ್ಲೀವ್ ಹಾಕುವುದೇ ಗಟ್ಟಿ. ಬ್ಯಾಟರಿಗೆ ಡಿಸ್ಟಿಲ್ ವಾಟರನ್ನು ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ನೋಡಿ. ಬೋರಿನ ನೀರು ಹಾಕಿದರೆ ಬ್ಯಾಟರಿ ಬೇಗ ಸಾಯುತ್ತದೆ.

ವೈರು ಕಡಿಯುವ ಇಲಿಯ ಬಗ್ಗೆ ಏನು ಬರೆಯಲಿ. ಭತ್ತದ ಚೀಲದ ಪಕ್ಕ ಟ್ರ್ಯಾಕ್ಟರ್ ನಿಲ್ಲಿಸುವವರು ಅದನ್ನು ಅನುಭವಿಸಬೇಕು.

10. ಎಂಜಿನ್ ಜೊತೆ ಏರಿಳಿಯುವ ಕೀರಲು ದನಿ ಅರ್ಥಿಂಗಿನದು

ಆಕ್ಸಲರೇಟರ್ ಒತ್ತಿದಂತೆ ಕುಂಯ್ ಅಂತ ಏರುವ ಶಬ್ದ ಆಲ್ಟರ್ನೇಟರಿನದು. ಟೇಪಿನ ಅರ್ಥನ್ನೂ ಆಂಪ್ಲಿಫೈಯರಿನ ಅರ್ಥನ್ನೂ ಬೇರೆ ಬೇರೆ ಕಡೆ ಕಚ್ಚಿಸಿದ್ದರೆ ಹೀಗಾಗುತ್ತದೆ. ಎರಡನ್ನೂ ಬ್ಯಾಟರಿಯ ಮೈನಸ್‌ಗೇ ತಂದರೆ ಬಹುಪಾಲು ನಿಲ್ಲುತ್ತದೆ. ಈಚೆಗೆ ಹಾಕಿಸುವ ಅಗ್ಗದ ಎಲ್‌ಇಡಿ ಪಟ್ಟಿಗಳೂ ಎಫ್‌ಎಂಗೆ ಗೊರಗೊರ ತರುತ್ತವೆ. ದೀಪ ಆರಿಸಿ ನೋಡಿ, ತಿಳಿಯುತ್ತದೆ.

ಎಂಜಿನ್ ಬಂದ್ ಆದ ಮೇಲೆ ಕೇಳುವ ರೇಡಿಯೊ ಸುಖವೇ ಬೇರೆ. 1966ರಲ್ಲಿ ಶುರುವಾದ ಕಲಬುರಗಿ ಆಕಾಶವಾಣಿಯನ್ನು ನಮ್ಮಪ್ಪ ಮೀಡಿಯಂ ವೇವಿನಲ್ಲಿ ರಾತ್ರಿ ಹೊಲದಲ್ಲಿ ಕೇಳುತ್ತಿದ್ದರು. ಒಂದು ಪಂಪ್‌ಸೆಟ್ ಚಾಲೂ ಆದರೂ ಗರಗರ. ಅವರ ರೇಡಿಯೊದಲ್ಲಿ ದೊಡ್ಡ ಶೆಲ್ಲು ಮೂರು, ತಿಂಗಳುಗಟ್ಟಲೆ ಬರುತ್ತಿದ್ದವು. ನನ್ನ ಈ ವೃತ್ತಿಯೇ ಆ ಲೆಕ್ಕದಲ್ಲಿ ಹಿನ್ನಡೆ.

11. ರಾತ್ರಿ ಹತ್ತಕ್ಕೆ ದನಿ ಇಳಿಸು

ಹತ್ತರಿಂದ ಬೆಳಿಗ್ಗೆ ಆರರವರೆಗೆ ಲೌಡ್‌ಸ್ಪೀಕರ್ ಹಚ್ಚಬಾರದು ಅಂತ 2000ದ ಶಬ್ದಮಾಲಿನ್ಯ ನಿಯಮವೇ ಇದೆ. ಅದಕ್ಕಿಂತ ದೊಡ್ಡ ಭಯ ನನಗೆ ಬೇರೆ: ಲಿಂಗಸೂಗೂರು ರಸ್ತೆಯಲ್ಲಿ ಹಿಂದಿನ ಲಾರಿಯ ಹಾರ್ನು ಕೇಳದ ಟ್ರ್ಯಾಕ್ಟರು. ನಾಲ್ಕು ವೂಫರಿನ ಕೆಲಸ ಬಂದರೆ ಇಲ್ಲ ಅನ್ನುತ್ತೇನೆ. ಬೇರೆ ಅಂಗಡಿಗೆ ಹೋಗಿ ಮಾಡಿಸುತ್ತಾರೆ, ನಾಲ್ಕು ದಿನಕ್ಕೆ ಬ್ಯಾಟರಿ ಇಳಿದು ನನ್ನಲ್ಲಿಗೇ ಬರುತ್ತಾರೆ.

12. ಎರಡನೇ ಬ್ಯಾಟರಿ ಟ್ರ್ಯಾಕ್ಟರಿನಲ್ಲೇ ಇರುತ್ತದೆ ಅಂತ ನಂಬಬೇಡ

2019ರ ಆಗಸ್ಟಿನಲ್ಲಿ ಕೃಷ್ಣೆ ಏರಿ ದೇವದುರ್ಗದ ಕಡೆ ಹೂವಿನಹೆಡಗಿ ಸೇತುವೆ ಮುಳುಗಿತ್ತು. ಹೊಳೆದಂಡೆಯ ಒಂದು ಊರಲ್ಲಿ ಕರೆಂಟ್ ಇರಲಿಲ್ಲ. ಅಲ್ಲಿನ ನನ್ನ ಗಿರಾಕಿ ಒಬ್ಬರು ಟೇಪಿನ ಬ್ಯಾಟರಿಯನ್ನು ಕಿತ್ತು ಗುಡಿಯ ಕಟ್ಟೆ ಮೇಲಿಟ್ಟು, ಕಾರಿನ ಚಾರ್ಜರ್ ಕಚ್ಚಿಸಿ ಓಣಿಯ ಮೊಬೈಲುಗಳಿಗೆಲ್ಲ ಚಾರ್ಜ್ ಕೊಟ್ಟರು. ಆಮೇಲೆ ಅದು ರೂಢಿಯಾಯಿತು. ಕರೆಂಟ್ ಹೋದಾಗ ಮನೆಗೆ, ಜಾತ್ರೆಗೆ ಹೋಗುವಾಗ ಟ್ರಾಲಿಗೆ. ಮುಂದಿನ ಹತ್ತಿಯ ಕಾಲಕ್ಕೆ ನನ್ನ ಬೆಂಚಿನ ಮುಂದೆ ನಿಂತು, "ಟೇಪ್ ಹಾಡವಲ್ದು ನೋಡು ತಮ್ಮಾ" ಅಂದರು.

ಸೀಟು ಎತ್ತಿ ನೋಡಿದರೆ ಬ್ಯಾಟರಿಯ ಜಾಗದಲ್ಲಿ ಒಂದು ನೀರಿನ ಕ್ಯಾನು. ಬಿಚ್ಚಿದ ಎರಡು ವೈರು ತುದಿ ಬೋಳಾಗಿ ಜೋತಾಡುತ್ತಿದ್ದವು, ಒಂದರ ಪಕ್ಕ ಇನ್ನೊಂದು.

"ಬ್ಯಾಟ್ರಿ ಎಲ್ಲೈತಿ ಕಾಕಾ?"

"ಮನ್ಯಾಗೈತಿ. ನಿಮ್ಮ ಕಾಕಿ ಫ್ಯಾನಿಗೆ ಹಚ್ಯಾಳ. ಆಕಿನ್ನ ಯಾರ್ ಕೇಳ್ಬೇಕು?"

ಅವತ್ತು ಅವರಿಗೆ ಪ್ಲಗ್ಗು ಹಾಕಿಕೊಟ್ಟೆ, ಟ್ರ್ಯಾಕ್ಟರಿಗೊಂದು, ಮನೆಗೊಂದು, ಉಲ್ಟಾ ಹೊಗದಂಥದ್ದು. ಫ್ಯಾನಿಗೂ ಬುಡದಲ್ಲಿ ಫ್ಯೂಜು. ಈಗ ಹೊಸದಾಗಿ ಬರುವವರಿಗೆ ನಾನು ಮೊದಲೇ ಕೇಳುತ್ತೇನೆ: ಪ್ಲಗ್ಗು ಒಂದು ಜೊತೆ ಕೊಡಲೋ, ಎರಡೋ?